ಧ್ರುವದಿಂದ ಮನೆ ಕರೆತಂದವರು

ಒಂದು ಅಂಕಣದಲ್ಲಿ ಏಳು ಅಂಕಿ ಹಿಡಿಯಬೇಕೇ ಎಂಟೇ ಎಂಬುದು ಹಿರಿಯರೆಲ್ಲ ಸಭೆ ಸೇರಿ ನಿರ್ಣಯಿಸಬೇಕಾದ ಗಹನ ವಿಷಯ. ಪೊಂಟಿಯಾನಕ್ ಪಟ್ಟಣದಲ್ಲಿ ಆ ಸಭೆ ಬೆಳಗಿನ ಐದೂವರೆಗೇ ಸೇರಿದೆ; ಹಾಜರಿರುವವರು ಊತಿನ್ ಹಲೀಜಾ ಒಬ್ಬರೇ. ನೀರು ಸರಬರಾಜು ಕಚೇರಿಯ ನಕ್ಷೆ ಕೋಣೆಯಲ್ಲಿ ಕಾಫಿ ಆರುತ್ತಿದೆ, ಕಂಪ್ಯೂಟರ್ ಬಿಸಿಯೇರುತ್ತಿದೆ.

ಇಂದು ಮಧ್ಯಾಹ್ನ ಹನ್ನೆರಡಕ್ಕೆ ಹೊಸ ನಲ್ಲಿಗಳ ಪಟ್ಟಿ ಮುಚ್ಚುತ್ತದೆ. ನದಿಯಾಚೆ, ಊರಿನ ಉತ್ತರ ತುದಿಯ ಇನ್ನೂರ ಹನ್ನೆರಡು ಮನೆಗಳನ್ನು ಹೊಸ ತಂತ್ರಾಂಶ 'ವ್ಯಾಪ್ತಿಯ ಹೊರಗೆ' ಎಂದು ತಳ್ಳಿದೆ. ಅದರಲ್ಲಿ ಎಪ್ಪತ್ತೊಂದು ವರ್ಷದ ಮಾಕ್ ಸಾವೊದಾ ಅವರದೂ ಒಂದು. ಬೇಸಿಗೆಯಲ್ಲಿ ನದಿ ಉಪ್ಪಾದರೆ ಕೊಡ ಹೊತ್ತು ಅಲೆಯುವ ಈ ಅಜ್ಜಿ ಮೊದಲ ದೋಣಿಗೇ ಬಂದು ಕುಳಿತಿದ್ದಾರೆ.

"ನನ್ನ ಮನೇನ ಎಲ್ಲಿಗೆ ಕಳಿಸಿದ್ಯೇ, ತಾಯಿ?"

"ದಕ್ಷಿಣ ಧ್ರುವಕ್ಕೆ, ಮಾಕ್. ಹಿಮದ ಮೇಲೆ."

"ಅಲ್ಲಿ ನೀರಿಗೇನು ಬರ! ಅದಕ್ಕೇ ನಲ್ಲಿ ಕೊಡಲ್ವಾ?"

ಹಲೀಜಾ ನಗುತ್ತಲೇ ತಂತ್ರಾಂಶದ ಕೋಡನ್ನು ಸಾಲು ಸಾಲು ಓದುತ್ತಾರೆ. ಮೋಜಣಿದಾರ ಅಪ್ಪನ ಹಿಂದೆ ಅಳತೆಪಟ್ಟಿ ಎಳೆಯುತ್ತ ಬೆಳೆದವರು, ಕೋಡ್ ಬರೆಯುವುದನ್ನು ತಾವೇ ಕಲಿತವರು. ಹತ್ತೊಂಬತ್ತು ವರ್ಷದಿಂದ ಗುತ್ತಿಗೆ ನೌಕರಿ. ದಿನಕ್ಕೆ ಆರುನೂರು ಮನೆಗಳನ್ನು ನಕ್ಷೆಗಿಳಿಸುತ್ತಾರೆ. ಕಚೇರಿಯವರ ಮಟ್ಟಿಗೆ ಅವರು ಪ್ರಿಂಟರ್ ರಿಪೇರಿಯವರು.

ದುಂಡು ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸುವ ಸೂತ್ರವನ್ನು ಅವರು ಕೈಯಲ್ಲೇ ಲೆಕ್ಕ ಹಾಕಿ ನೋಡುತ್ತಾರೆ. ತಪ್ಪಿಲ್ಲ. ಆಮೇಲೆ ಭೂಮಧ್ಯರೇಖೆಯ ಈಚಿನ ಒಂದು ಮನೆ, ಆಚಿನ ಒಂದು ಮನೆ ಪಕ್ಕಪಕ್ಕ ಇಡುತ್ತಾರೆ. "ಈ ಗೆರೆ ನಮ್ಮೂರೊಳಗೇ ಹಾದುಹೋಗಿದೆ. ಎರಡೂ ಕಡೆಯವರನ್ನ ಕೇಳದೆ ನಾನು ಯಾವ ಲೆಕ್ಕಾನೂ ನಂಬಲ್ಲ."

ಕಚೇರಿ ಇಡೀ ಊರಿಗೆ ದಕ್ಷಿಣದ ಎಣಿಕೆಯನ್ನೇ, ಅಂದರೆ ದಕ್ಷಿಣ ಧ್ರುವದ ಕಡೆಯಿಂದ ಮೀಟರ್ ಎಣಿಸುವುದನ್ನೇ, ಬಳಸುತ್ತದೆ. ಅದರಲ್ಲಿ ಗೆರೆಯ ಮೇಲೆ ನಿಂತರೆ ಒಂದು ಕೋಟಿ ಮೀಟರ್. ದಕ್ಷಿಣಕ್ಕೆ ನಡೆದಷ್ಟೂ ಇಳಿಕೆ, ಉತ್ತರಕ್ಕೆ ನಡೆದಷ್ಟೂ ಏರಿಕೆ. ಕೋಟಿ ದಾಟಿದರೆ ಎಂಟು ಅಂಕಿ. ಅಂಕಣಕ್ಕೆ ಏಳೇ ಹಿಡಿಸುವುದರಿಂದ ಮೊದಲ ಅಂಕಿ 'ಒಂದು' ಉದುರಿ, ಕೋಟಿ ಹೋಗಿ ಕೆಲವೇ ಸಾವಿರ ಉಳಿಯುತ್ತದೆ. ಮನೆ ನೇರ ಧ್ರುವಕ್ಕೆ. ತಂತ್ರಾಂಶ ಬರೆದವರು ಜಕಾರ್ತಾದವರು. ಅವರು ಪರೀಕ್ಷಿಸಿದ ಮನೆಗಳೆಲ್ಲ ಗೆರೆಯ ದಕ್ಷಿಣಕ್ಕಿದ್ದವು.

ಅಂಕಣ ಹಿಗ್ಗಿಸಲು ಮೇಲಧಿಕಾರಿ ಪಾಕ್ ಎಫೆಂದಿ ಒಪ್ಪುವುದಿಲ್ಲ. "ಯಂತ್ರ ಹೇಳಿದ್ಮೇಲೆ ಮುಗೀತು, ಕಾಕ್ ಹಲೀಜಾ. ಮುಂದಿನ ವರ್ಷ ನೋಡೋಣ."

"ಹಂಗಾದ್ರೆ ನಿಮ್ಮ ಅತ್ತೆ ಮನೇನೂ ಹಿಮದ ಮೇಲೇ ಇದೆ, ಪಾಕ್. ಹಬ್ಬಕ್ಕೆ ಹೋಗುವಾಗ ಉಣ್ಣೆ ಕೋಟು ಮರೀಬೇಡಿ."

ಪಾಕ್ ಎಫೆಂದಿ ಕನ್ನಡಕ ಏರಿಸಿ ಪಟ್ಟಿ ನೋಡುತ್ತಾರೆ. ಅತ್ತೆಯ ಹೆಸರು ನೂರ ನಾಲ್ಕನೆಯದು. "ಸರಿ, ಬೇಗ ಸರಿಮಾಡಿ."

ಹಲೀಜಾ ಏಳನ್ನು ಅಳಿಸಿ ಎಂಟು ಒತ್ತುತ್ತಾರೆ. ಅವರಿಗಿರುವ ಆಸೆ ಇಷ್ಟೇ: "ಮುಂದೆ ಲೆಕ್ಕ ಬರೆಯೋರು ಒಂದ್ಸಲ ನಮ್ಮ ದೋಣಿ ಹತ್ತಿ ಆ ಕಡೆ ಹೋಗಿ ಬರಲಿ."

ಹನ್ನೊಂದು ನಲವತ್ತಕ್ಕೆ ಇನ್ನೂರ ಹನ್ನೆರಡು ಮನೆಗಳೂ ಪಟ್ಟಿಗೆ ಸೇರುತ್ತವೆ.