ಡ್ಯಾಶ್‌ಬೋರ್ಡ್ ಎಂಬ ಹಲಗೆ

"ನಾಟಿ ಆಕೋಳ್ಗೆ ಡಿಗ್ರಿಯಾ? ಆಗದ್ ಮಾತು ಬುಡು" ಎಂದವನು ದೊಡ್ಡಪ್ಪ. ಕೆ.ಆರ್. ನಗರದ ಕಡೆಯ ನಮ್ಮ ಮನೆಯಲ್ಲಿ ನನಗಿಂತ ಮೊದಲು ಕಾಲೇಜು ಕಂಡವರಿರಲಿಲ್ಲ.

ಕೊನೆಯ ವರ್ಷದ ವೈವಾದಲ್ಲಿ ಫೇಲಾದರೆ ಅವನ ಮಾತೇ ನಿಜವಾಗುತ್ತಿತ್ತು. ಅಂಕಿಅಂಶಗಳನ್ನೆಲ್ಲ ಕಂಪ್ಯೂಟರಿನ ಒಂದೇ ಪರದೆಯಲ್ಲಿ ತೋರಿಸುವ ನನ್ನ ಪ್ರಾಜೆಕ್ಟನ್ನು ನೋಡಿ ಪರೀಕ್ಷಕರು ನಕ್ಕರು. ಆ ನಗು ನೆನೆದರೆ ಇಂದಿಗೂ ಮೈ ಉರಿಯುತ್ತದೆ.

"ಡ್ಯಾಶ್‌ಬೋರ್ಡ್ ಅಂತ ಬರ್ದಿದ್ದೀಯಲ್ಲ, ಕಾರಾದ್ರೂ ಹತ್ತಿದ್ದೀಯೇನಮ್ಮ?"

"ಇಲ್ಲ ಸಾರ್. ಅದು ಕಾರಿಗಿಂತ ಮೊದ್ಲೇ ಕುದುರೆಗಾಡೀಲಿತ್ತು. ಡ್ಯಾಶ್ ಅಂದ್ರೆ ಎರಚೋದು. ಕುದುರೆ ಎರಚೋ ಕೆಸರು ಕೂತೋರಿಗೆ ಬಡೀದಂಗೆ ಮುಂದೆ ಹೊಡೀತಿದ್ದ ಹಲಗೆ. ಆಮೇಲೆ ಕಾರಿನೋರು ಅದೇ ಜಾಗದಲ್ಲಿ ಮೀಟರ್ ಕೂರಿಸಿದ್ರು, ಕಂಪ್ಯೂಟರಿನೋರು ಹೆಸರು ತಗೊಂಡ್ರು."

ನಮ್ಮ ಎತ್ತಿನ ಗಾಡಿಗೂ ಅಪ್ಪ ಅಂಥ ಹಲಗೆ ಹೊಡೆದಿದ್ದ. ಅದಕ್ಕೇ ನಿಘಂಟಿನಲ್ಲಿ ಓದಿದ್ದು ಮರೆತಿರಲಿಲ್ಲ.

ಪಾಸಾದೆ. ಸರ್ಟಿಫಿಕೇಟನ್ನು ದೊಡ್ಡಪ್ಪನ ಕೈಗೇ ಕೊಟ್ಟೆ.

"ಡಿಗ್ರಿ ಆಯ್ತಲ್ಲ, ಇನ್ ಗದ್ದೇಲಿ ಪಾಲು ಕೇಳ್ಬ್ಯಾಡ ಕಣವ್ವ" ಎಂದ.