ಹದಿನೆಂಟನೆಯ ಗೂಡು

ಮಾಗಡಿಯಿಂದ ಸೋಲೂರಿಗೆ ಹೋಗುವ ದಾರಿಯಲ್ಲಿ ನಮ್ಮೂರ ಹಳೇ ಕಲ್ಯಾಣಿ ಇದೆ. ಪಾಳೇಗಾರರ ಕಾಲದ್ದು. ಅದರ ಕಲ್ಲುಗೋಡೆಯಲ್ಲಿ ಹದಿನೆಂಟು ಗೂಡುಗಳು. ಹದಿನೇಳರಲ್ಲಿ ಸುಟ್ಟ ಮಣ್ಣಿನ ಗೊಂಬೆಗಳಿವೆ, ಒಂದು ಖಾಲಿ. ಅದರಲ್ಲಿದ್ದುದನ್ನು ಕಳ್ಳರು ಹೊತ್ತೊಯ್ದರೆಂದು ಊರವರು ನಂಬಿದ್ದಾರೆ. ಅಲ್ಲಿ ಯಾವತ್ತೂ ಏನೂ ಇರಲಿಲ್ಲ.

೧೯೮೬ರಲ್ಲಿ ಕಲ್ಯಾಣಿಯ ಹೂಳು ತೆಗೆದಾಗ, ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರಾಗಿದ್ದ ನಾನು, ಗೂಡುಗಳಿಗೆ ಗೊಂಬೆ ಮಾಡಿಸೋಣ ಎಂದು ಊರ ಹಿರಿಯರ ತಲೆ ತಿಂದೆ. ಕೆಲಸ ಕುಂಬಾರ ಹುಚ್ಚಯ್ಯನಿಗೆ ಬಂತು. ಅವನ ಹೆಂಡತಿ ಮಾರಕ್ಕ ಅದೇ ಹೂಳಿನ ಮಣ್ಣು ತುಳಿದು ಹದ ಮಾಡಿದಳು. ಗೂಡುಗಳ ಅಳತೆಗೆ ತೆಂಗಿನ ಕಡ್ಡಿ ಮುರಿದು ತಂದವಳೂ ಅವಳೇ. ಮಣ್ಣು ಒಣಗಿ ಬೆಂದಾಗ ಕುಗ್ಗುತ್ತದೆ, ಅದು ನಿಮ್ಮ ಟೇಪಿಗೆ ಎಲ್ಲಿ ಗೊತ್ತು ಎಂದು ನನ್ನನ್ನು ಛೇಡಿಸಿದಳು.

ಹುಚ್ಚಯ್ಯ ಹದಿನೇಳನ್ನು ತಿರುಗುವ ತಿಗರಿಯ ಮೇಲೆ ಎತ್ತಿದ. ಆನೆ, ಬಸವ, ನವಿಲು, ಯಾವುದಾದರೂ ಹೊಟ್ಟೆ ಮಾತ್ರ ಮಡಕೆಯದೇ. ಹದಿನೆಂಟನೆಯ ಗೂಡು ನೀರಿನ ಅಂಚಿನಲ್ಲಿತ್ತು. ಕಲ್ಲು ಜರುಗಿ ಎಡಕ್ಕೆ ವಾಲಿತ್ತು. ಅದು ತನಗಿರಲಿ ಎಂದಳು ಮಾರಕ್ಕ. ಹೆಂಗಸರು ತಿಗರಿ ಮುಟ್ಟಬಾರದೆಂಬುದು ಅವರ ಮನೆಯ ಕಟ್ಟಳೆ. ಮೂವತ್ತು ವರ್ಷ ಮಣ್ಣು ತುಳಿದವಳು ತನ್ನದೆಂದು ಒಂದು ಹಣತೆಯನ್ನೂ ಮಾಡಿರಲಿಲ್ಲ. ಹೊಟ್ಟು ಬೆರೆಸಿದ ಮಣ್ಣನ್ನು ಕೈಯಲ್ಲೇ ದಪ್ಪಗೆ ಮೆತ್ತಿ, ದಿನಾ ಮೆಟ್ಟಿಲಿಳಿದು ಗೂಡು ನೋಡಿ ಬಂದು, ಒಬ್ಬ ಮುದುಕಿಯನ್ನು ಕೂರಿಸಿದಳು. ಕೊಡ ಪಕ್ಕಕ್ಕಿಟ್ಟು, ಸುಸ್ತಾಗಿ ಎಡಕ್ಕೊರಗಿದ ಮುದುಕಿ. ಕಲ್ಲು ಎಷ್ಟು ವಾಲಿತ್ತೋ ಅಷ್ಟೇ ಅವಳೂ ವಾಲಿದ್ದಳು. ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ.

ಗೊಂಬೆ ಸುಟ್ಟ ಆವಿಗೆ ಬಿಚ್ಚಿದ ಬೆಳಿಗ್ಗೆ ನಾನೂ ಅಲ್ಲಿದ್ದೆ. ಹುಚ್ಚಯ್ಯ ಒಂದೊಂದನ್ನೇ ಎತ್ತಿ ಬೆರಳ ಗೆಣ್ಣಿನಿಂದ ತಟ್ಟಿದ. ಹದಿನೇಳೂ ಠಣ್ ಎಂದವು. ಮುದುಕಿ ದಬ್ ಎಂದಳು. ದಬ್ ಎಂದ ಮಡಕೆಯಲ್ಲಿ ಬಿರುಕಿರುತ್ತದೆ, ಅದನ್ನು ಆವಿಗೆಯ ಬಾಯಲ್ಲೇ ಒಡೆದುಬಿಡಬೇಕು, ಅವನಪ್ಪ ಕಲಿಸಿದ ಪಾಠ. ಕೈ ಯೋಚಿಸಲಿಲ್ಲ. ಎತ್ತಿ ಕಲ್ಲಿಗೆ ಅಪ್ಪಳಿಸಿದ. ಅವನು ಕೈ ಎತ್ತಿದ್ದು ನನಗೆ ಕಂಡಿತ್ತು. ಅವರ ಕಸುಬು ಅವರಿಗೆ ಗೊತ್ತು ಎಂದು ಬಾಯಿ ಮುಚ್ಚಿಕೊಂಡಿದ್ದೆ.

ಅವನು ಚೂರೊಂದನ್ನು ತಿರುಗಿಸಿ ನೋಡಿದ. ಎಲ್ಲೂ ಬಿರುಕಿಲ್ಲ, ಒಳಗಿನವರೆಗೂ ಒಂದೇ ಕೆಂಪು. ದಪ್ಪಗಿದ್ದುದಕ್ಕೆ ದಬ್ ಎಂದಿತ್ತು, ಅಷ್ಟೇ.

"ಅವ್ಳೇನ್ ನೀರ್ ತುಂಬ್ಸೋ ಮಡ್ಕೆನಾ?" ಎಂದಳು ಮಾರಕ್ಕ. "ಸುಮ್ಕೆ ಕುಂತ್ಕೊಳ್ಲಿ ಅಂತ ಮಾಡಿದ್ದೆ ಕಣಯ್ಯ."

ಇನ್ನೊಂದು ಮಾಡೆಂದು ಅವನು ತಿಂಗಳುಗಟ್ಟಲೆ ಗೋಗರೆದ. ಅವಳು ಅಳತೆಯ ಕಡ್ಡಿಗಳನ್ನು ಒಲೆಗೆ ಹಾಕಿ, ಮೊದಲಿನಂತೆ ಮಣ್ಣು ತುಳಿಯತೊಡಗಿದಳು. ಜಗಳವನ್ನೂ ಆಡಲಿಲ್ಲ. ಆಡಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

ಹನ್ನೊಂದು ವರ್ಷದ ಮೇಲೆ ಮಾರಕ್ಕ ತೀರಿಕೊಂಡಳು. ಅಂದಿನಿಂದ ಹುಚ್ಚಯ್ಯ ಪ್ರತಿ ಬೇಸಗೆ ಒಬ್ಬ ಮುದುಕಿಯನ್ನು ಮಾಡಿದ. ತಿಗರಿ ಬಿಟ್ಟು ಕೈಯಲ್ಲೇ ಮೆತ್ತಿದರೂ ಅವನ ಬೆರಳು ಮಡಕೆಯಷ್ಟೇ ತೆಳ್ಳಗೆ, ಮಡಕೆಯಷ್ಟೇ ನೆಟ್ಟಗೆ ತೀಡುತ್ತಿತ್ತು. ವಾಲಿದ ಆ ಗೂಡಿನಲ್ಲಿ ಒಬ್ಬಳೂ ಕೂರಲಿಲ್ಲ.

ಕೊನೆಯ ಸಲ ಅವನ ಆವಿಗೆಯ ಹತ್ತಿರ ಹೋದಾಗ ಅವನು ಹೊಸ ಮುದುಕಿಯನ್ನು ತಟ್ಟಿ ಕಿವಿಗೊಡುತ್ತಿದ್ದ.

"ಇವ್ಳೂ ಠಣ್ ಅಂತಾಳೆ ಮೇಷ್ಟ್ರೇ," ಎಂದ. ಎತ್ತಿ ಕಲ್ಲಿಗೆ ಹಾಕಿದ.