ಕಿರುಬೆರಳು ಎಳೆದ ಗೆರೆ

ನನ್ನ ಬಲಗೈ ಮುರಿದದ್ದು ಅರಕಲಗೂಡು ರಸ್ತೆಯಲ್ಲಿ. ಅಲ್ಲಿಯ ಒಂದು ಶಾಲೆಯಲ್ಲಿ ಮಕ್ಕಳ ಚಿತ್ರ ಸ್ಪರ್ಧೆಗೆ ತೀರ್ಪು ಕೊಟ್ಟು ಸ್ಕೂಟರಿನಲ್ಲಿ ಹೊಳೆನರಸೀಪುರಕ್ಕೆ ವಾಪಸ್ಸಾಗುತ್ತಿದ್ದೆ. ಒಕ್ಕಣೆಗೆಂದು ರಸ್ತೆಯ ಮೇಲೇ ಹುರುಳಿ ಹರಡಿದ್ದರು. ಎಲ್ಲರೂ ಅದರ ಮೇಲೆ ಹಾದುಹೋಗುವವರೇ, ನಾನೂ ಎಷ್ಟೋ ಸಲ ಹೋಗಿದ್ದೆ. ಆವತ್ತು ಚಕ್ರ ಜಾರಿತು. ಬಲಗೈ ಊರಿಕೊಂಡು ಬಿದ್ದೆ.

ಹಾಸನದಲ್ಲಿ ಎರಡು ಸಲ ಆಪರೇಷನ್ ಆಯಿತು. ಮೂಳೆ ಕೂಡಿಕೊಂಡಿತು, ನರ ಮಾತ್ರ ಕೂಡಲಿಲ್ಲ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಅಂದರೆ ಸೀಮೆಸುಣ್ಣ ಹಿಡಿಯುವ ಮೂರೂ ಬೆರಳುಗಳು, ಬೇರೆ ಯಾರದೋ ಕೈಯವು ಎಂಬಂತೆ ಸುಮ್ಮನಾದವು. ಉಂಗುರದ ಬೆರಳು, ಕಿರುಬೆರಳು ಮಾತ್ರ ಹೇಳಿದ ಮಾತು ಕೇಳುತ್ತಿದ್ದವು. ಆಗ ನನಗೆ ನಲವತ್ತೊಂಬತ್ತು ವರ್ಷ. ಅಷ್ಟು ಹೊತ್ತಿಗೆ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದೆ. ಬೋರ್ಡಿನ ಮೇಲೆ ಕೈ ಎತ್ತದೆ ಒಂದೇ ಸುತ್ತಿಗೆ ವೃತ್ತ ಬರೆದರೆ ಹುಡುಗರು ಚಪ್ಪಾಳೆ ತಟ್ಟುತ್ತಿದ್ದರು. ನನ್ನ ಹೆಮ್ಮೆಯೆಲ್ಲ ಆ ಒಂದು ಸುತ್ತಿನಲ್ಲಿತ್ತು ಅಂದರೂ ತಪ್ಪಿಲ್ಲ.

ರಜೆ ಮುಗಿಸಿ ಶಾಲೆಗೆ ಹೋದ ದಿನ ಹೆಡ್ ಮಾಸ್ಟರು ಕೂರಿಸಿಕೊಂಡು, "ಸದ್ಯಕ್ಕೆ ಲೈಬ್ರರಿ ನೋಡ್ಕೊಳ್ಳಿ ಮೇಷ್ಟ್ರೇ. ಡ್ರಾಯಿಂಗ್ ಪೀರಿಯಡ್ಡಿಗೆ ಪಿ.ಟಿ. ಮೇಷ್ಟ್ರು ಹೋಗ್ತಾರೆ" ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಲೈಬ್ರರಿ ಅಂದರೆ ಎರಡು ಬೀರು, ಒಂದು ಮೇಜು. ಕೂತು ಬೀರುವಿನ ಬಾಗಿಲು ನೋಡುತ್ತಿದ್ದೆ. ಪಕ್ಕದ ಕೋಣೆಯಿಂದ ಮಕ್ಕಳ ಗಲಾಟೆ ಕೇಳುತ್ತಿತ್ತು. ಹಿಂದಿನ ವರ್ಷವಷ್ಟೇ ಅಲ್ಲಿಗೆ ಮೂರು ಕಂಪ್ಯೂಟರ್ ಬಂದಿದ್ದವು.

ಕಂಪ್ಯೂಟರ್ ಕಲಿಸಲು ಒಬ್ಬಳು ಹುಡುಗಿ ಚನ್ನರಾಯಪಟ್ಟಣದಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು. ಕೆಲಸಕ್ಕೆ ಸೇರಿ ಆರು ತಿಂಗಳೂ ಆಗಿರಲಿಲ್ಲ. ಒಂದು ಮಧ್ಯಾಹ್ನ ಲೈಬ್ರರಿ ಬಾಗಿಲಲ್ಲಿ ನಿಂತು ಕೇಳಿದಳು:

"ಸಾರ್, ಎಂಟನೇ ಕ್ಲಾಸಿಗೆ ಪೇಂಟ್ ಪಾಠ ಇದೆ. ಕಂಪ್ಯೂಟ್ರಲ್ಲಿ ಚಿತ್ರ ಬರೆಯೋದು. ನಂಗೆ ಒಂದು ಮನೆ ಬರೆಯೋಕೂ ಬರಲ್ಲ. ಸ್ವಲ್ಪ ಬಂದು ತೋರಿಸಿಕೊಡ್ತೀರಾ?"

ನಾನು ಬಲಗೈ ಎತ್ತಿ ತೋರಿಸಿದೆ. ಅದನ್ನು ನೋಡಿದವರೆಲ್ಲ "ಅಯ್ಯೋ ಪಾಪ" ಅನ್ನುತ್ತಿದ್ದರು. ಇವಳು ಅನ್ನಲಿಲ್ಲ. ನಾನು ಬೋರ್ಡಿನ ಮೇಲೆ ಬರೆದದ್ದನ್ನು ಅವಳು ಕಂಡೇ ಇರಲಿಲ್ಲವಲ್ಲ, ಏನು ಹೋಯಿತೆಂದು ಅವಳಿಗೆ ಗೊತ್ತಿರಲಿಲ್ಲ.

"ಮೌಸ್ ಎಡಗೈಗೂ ಬರತ್ತೆ ಸಾರ್, ಬನ್ನಿ" ಅಂದಳು.

ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದೆ. ಅವಳು ಮೌಸನ್ನು ಕೀಬೋರ್ಡಿನ ಎಡಕ್ಕೆ ತಂದಿಟ್ಟು, ಬಿಳೀ ಹಾಳೆಯಂಥದ್ದೊಂದನ್ನು ಪರದೆಯ ಮೇಲೆ ತೆರೆದುಕೊಟ್ಟಳು. ಗೆರೆ ಎಳೆಯುವ ಗುರುತನ್ನು ಒತ್ತಿ, ಎಡಗೈಯಲ್ಲಿ ಮೌಸ್ ಸರಿಸಿದೆ. ಕೈ ನಡುಗಿತು. ಗೆರೆ ಒಂದು ಸಲ ಮೇಲಕ್ಕೆ ವಾಲಿತು, ಇನ್ನೊಂದು ಸಲ ಕೆಳಕ್ಕೆ. ಮೂರನೆಯದು ಮನೆಯ ಗೋಡೆಯಾಗಬೇಕಾದದ್ದು ಬೀಳುತ್ತಿರುವ ಗೋಡೆಯಾಯಿತು. ಎದ್ದು ನಿಂತೆ.

"ಕೂತ್ಕೊಳ್ಳಿ ಸಾರ್. ಬಲಗೈಲಿ ಯಾವ ಬೆರಳು ಆಡತ್ತೆ?"

"ಇವೆರಡೇ ಕಣಮ್ಮ."

"ಸಾಕಲ್ಲ. ಕಿರುಬೆರಳನ್ನ ಈ ಕೀ ಮೇಲೆ ಇಡಿ. ಶಿಫ್ಟ್ ಅಂತ. ಒತ್ತಿ ಹಿಡ್ಕೊಂಡೇ ಈಗ ಎಳೀರಿ."

ಒತ್ತಿ ಹಿಡಿದು ಎಳೆದೆ. ಎಡಗೈ ನಡುಗುತ್ತಲೇ ಇತ್ತು. ಗೆರೆ ನಡುಗಲಿಲ್ಲ. ಈ ಕೊನೆಯಿಂದ ಆ ಕೊನೆಗೆ ನೆಟ್ಟಗೆ ಹೋಗಿ ನಿಂತಿತು. ನಾನು ಮತ್ತೊಂದು ಎಳೆದೆ, ಮತ್ತೊಂದು. ಆಮೇಲೆ ಅವಳು ಮೊಟ್ಟೆಯಾಕಾರದ ಗುರುತನ್ನು ತೋರಿಸಿ, "ಇದಕ್ಕೂ ಶಿಫ್ಟ್ ಹಿಡೀರಿ" ಅಂದಳು. ಮೊಟ್ಟೆ ಪೂರ್ಣ ವೃತ್ತವಾಗಿ ಬಂತು. ನಾನು ಅದನ್ನೇ ನೋಡುತ್ತಾ ಎಷ್ಟು ಹೊತ್ತು ಕೂತಿದ್ದೆನೋ, ಅವಳು "ಸಾರ್, ಬೆಲ್ ಆಯ್ತು" ಅಂದಾಗಲೇ ಎಚ್ಚರವಾದದ್ದು.

ಅಂದಿನಿಂದ ಶಾಲೆ ಬಿಟ್ಟ ಮೇಲೆ ಅವಳ ಬಸ್ಸಿನ ಹೊತ್ತಾಗುವ ತನಕ ದಿನಾ ಮುಕ್ಕಾಲು ಗಂಟೆ ಪಾಠ. ನಾನು ವಿದ್ಯಾರ್ಥಿ, ಅವಳು ಮೇಡಂ. ಕಿರುಬೆರಳು ಕಂಟ್ರೋಲ್ ಕೀ ಮೇಲೆ, ಎಡಗೈ ಮೌಸ್ ಬಿಟ್ಟು ಇನ್ನೊಂದು ಅಕ್ಷರದ ಮೇಲೆ. ಸಿ ಒತ್ತಿದರೆ ನಕಲು, ವಿ ಒತ್ತಿದರೆ ಅದು ಅಂಟುತ್ತದೆ. ಆರ್ ಒತ್ತಿದರೆ ಚಿತ್ರವನ್ನು ಮಗುಚಬಹುದು, ಎಡದ್ದು ಬಲಕ್ಕೆ ಬರುತ್ತದೆ. ಝಡ್ ಒತ್ತಿದರೆ ತಪ್ಪು ಅಳಿಯುತ್ತದೆ, ಆದರೆ ಹಿಂದಿನ ಮೂರು ತಪ್ಪು ಮಾತ್ರ. ನಾನು ಮಕ್ಕಳಿಗೆ ರಬ್ಬರ್ ಮುಟ್ಟಬೇಡಿ ಎಂದು ಗದರುತ್ತಿದ್ದವನು. ಮೂರು ತಪ್ಪಿಗೆ ಮಾಫಿ ಕೊಡುವ ಈ ಯಂತ್ರ ನನಗಿಂತ ಒಳ್ಳೆಯ ಮೇಷ್ಟ್ರು ಅನ್ನಿಸಿತು.

ದಸರಾ ರಜೆ ಬಂತು. ಹೆಡ್ ಮಾಸ್ಟರ ಹತ್ತಿರ ಕೋಣೆಯ ಬೀಗದ ಕೈ ಕೇಳಿ ಇಸಿದುಕೊಂಡೆ. ಬರೆಯಬೇಕಾದದ್ದು ತಲೆಯಲ್ಲಿ ತಯಾರಾಗಿತ್ತು. ದೊಡ್ಡಗದ್ದವಳ್ಳಿಯ ದೇವಸ್ಥಾನ. ಪ್ರತಿ ವರ್ಷ ಹತ್ತನೇ ಕ್ಲಾಸಿನವರನ್ನು ಸ್ಕೆಚ್ ಮಾಡಲು ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದೆ. ಮೆಟ್ಟಿಲು ಮೆಟ್ಟಿಲಾಗಿ ಏರುವ ಅದರ ಶಿಖರಗಳೆಲ್ಲ ನೇರ ಗೆರೆಗಳೇ. ಶಿಫ್ಟ್ ಕೀಗೆ ಹೇಳಿ ಮಾಡಿಸಿದ ಕೆಲಸ. ಶಿಖರದ ಅರ್ಧ ಬರೆದರೆ ಸಾಕು, ಇನ್ನರ್ಧ ಮಗುಚಿ ಸೇರಿಸಬಹುದು.

ಬೆಳಿಗ್ಗೆ ಒಂಬತ್ತಕ್ಕೆ ಕೂತವನು ಬುತ್ತಿ ಬಿಚ್ಚಲೂ ಏಳಲಿಲ್ಲ. ಮೂರು ಗಂಟೆಯ ಹೊತ್ತಿಗೆ ಎರಡು ಶಿಖರ, ಪ್ರಾಕಾರದ ಗೋಡೆ, ಬಾಗಿಲು ಎಲ್ಲ ಬಂದಿದ್ದವು. ಒಂದು ವರ್ಷದ ಮೇಲೆ ನಾನು ಬರೆದ ಮೊದಲ ಚಿತ್ರ. ಮಗ್ಗುಲಿಗೆ ತೆಂಗಿನಮರ ಇರಬೇಕೋ ಬೇಡವೋ ಎಂದು ಯೋಚಿಸುತ್ತಿದ್ದೆ. ಫಕ್ಕನೆ ಕರೆಂಟು ಹೋಯಿತು.

ಕರೆಂಟು ಹೋದಾಗ ಕಂಪ್ಯೂಟರ್ ಆರದಂತೆ ಕಾಯುವ ಬ್ಯಾಟರಿ ಪೆಟ್ಟಿಗೆ ಕೆಟ್ಟು ಬಹಳ ದಿನವಾಗಿತ್ತು. ಪರದೆ ಕಪ್ಪಾಯಿತು. ಕರೆಂಟು ಬಂದ ಮೇಲೆ ಮತ್ತೆ ಹಾಕಿ ಹುಡುಕಿದೆ. ಏನೂ ಇರಲಿಲ್ಲ. ಹಾಳೆಯ ಮೇಲೆ ಬರೆದದ್ದು ಹಾಳೆಯ ಮೇಲಿರುತ್ತದೆ, ಕಂಪ್ಯೂಟರಿನಲ್ಲಿ ಬರೆದದ್ದೂ ಹಾಗೇ ಎಂದುಕೊಂಡಿದ್ದೆ. ಬೀಗ ಹಾಕಿ, ಬೀಗದ ಕೈ ವಾಪಸ್ಸು ಕೊಟ್ಟು ಮನೆಗೆ ನಡೆದೆ.

ರಜೆ ಮುಗಿದ ಮೇಲೂ ಆ ಕೋಣೆಯ ಕಡೆ ಹೋಗಲಿಲ್ಲ. ಮೂರನೆಯ ದಿನ ಆ ಹುಡುಗಿಯೇ ಬಂದು ಕೇಳಿದಳು. ಹೇಳಿದೆ.

"ನಂದೇ ತಪ್ಪು ಸಾರ್" ಅಂದಳು. ಅವಳ ಮುಖ ಸಣ್ಣದಾಗಿತ್ತು. "ಎಲ್ಲಕ್ಕೂ ಮೊದ್ಲು ಹೇಳ್ಕೊಡಬೇಕಾಗಿದ್ದು ಕಂಟ್ರೋಲ್ ಎಸ್. ದಿನಾ ನೀವು ಎದ್ದ ಮೇಲೆ ನಾನೇ ಸೇವ್ ಮಾಡಿಡ್ತಿದ್ದೆ. ಹೇಳೋದು ಮರೆತೆ."

"ಬಿಡಮ್ಮ, ಪರವಾಗಿಲ್ಲ" ಅಂದೆ. ಆದರೂ ಆ ಕೋಣೆಗೆ ಹೋಗಲಿಲ್ಲ.

ಒಂದು ಭಾನುವಾರ ಅಡುಗೆಮನೆಯಲ್ಲಿ ಕೂತು ಎಡಗೈಯಲ್ಲಿ ದಂಟಿನ ಸೊಪ್ಪು ಬಿಡಿಸುತ್ತಿದ್ದೆ. ಹೆಂಡತಿ ರಾಗಿಮುದ್ದೆಗೆ ಎಸರು ಇಟ್ಟಿದ್ದವಳು ತಿರುಗಿ ನೋಡಿ ಕೇಳಿದಳು:

"ಯಾಕ್ರೀ, ಆ ಕಿರುಬೆರಳು ಹಂಗೆ ಒತ್ತುತ್ತಾ ಇದೀರಿ ತೊಡೆ ಮೇಲೆ? ನೋವಾ?"

ನೋಡಿಕೊಂಡೆ. ನಿಜ. ತಲೆಯೊಳಗೆ ನಾನು ಶಿಖರದ ಮೆಟ್ಟಿಲು ಎಳೆಯುತ್ತಿದ್ದೆ, ಒಂದೊಂದು ಗೆರೆಗೂ ಬೆರಳು ಶಿಫ್ಟ್ ಒತ್ತುತ್ತಿತ್ತು. ಹೀಗೆ ಹೀಗೆ ಎಂದು ಹೇಳಿದೆ.

"ಹಂಗಿದ್ರೆ ಹೋಗಿ ಬರೀಬಾರ್ದಾ? ಬೆರಳು ಬರೀತೀನಿ ಅಂತಿದೆ, ನೀವು ಇಲ್ಲಿ ಸೊಪ್ಪು ಬಿಡಿಸ್ತಾ ಕೂತಿದೀರಲ್ಲ" ಅಂದು ಸೊಪ್ಪಿನ ಮೊರವನ್ನು ತನ್ನ ಕಡೆಗೆ ಎಳೆದುಕೊಂಡಳು.

ಸೋಮವಾರ ಹೋಗಿ ಕೂತೆ. ಆರು ಗಂಟೆ ಹಿಡಿದಿದ್ದ ಕೆಲಸ ಮುಕ್ಕಾಲು ಗಂಟೆಯ ಎರಡು ಸಂಜೆಗೆ ಮುಗಿಯಿತು. ದಾರಿ ಗೊತ್ತಿತ್ತು, ಯಾವ ಶಿಖರವನ್ನು ಮೊದಲು ಬರೆಯಬೇಕು, ಯಾವುದನ್ನು ನಕಲು ಮಾಡಬೇಕು ಎಂಬುದು ಈಗ ತಿಳಿದಿತ್ತು. ನಾಲ್ಕು ಗೆರೆಗೊಂದು ಸಲ ಕಂಟ್ರೋಲ್ ಎಸ್ ಒತ್ತುತ್ತಿದ್ದೆ. "ಅಷ್ಟೊಂದು ಸಲ ಬೇಡ ಸಾರ್" ಎಂದು ಆ ಹುಡುಗಿ ನಗುತ್ತಿದ್ದಳು.

ಮೂರನೆಯ ಸಂಜೆ ಚಿತ್ರ ತಿದ್ದುತ್ತಿದ್ದೆ. ಕಂಟ್ರೋಲ್ ಕೀ ಹಿಡಿದಿದ್ದಾಗ ಜೀವವಿಲ್ಲದ ತೋರುಬೆರಳು ಜಾರಿ ಐ ಅಕ್ಷರದ ಮೇಲೆ ಬಿತ್ತು. ಪರದೆ ಪೂರ್ತಿ ಕಪ್ಪಾಯಿತು. ಮತ್ತೆ ಎಲ್ಲ ಹೋಯಿತು ಅಂದುಕೊಂಡೆ. ಹೋಗಿರಲಿಲ್ಲ. ಕಪ್ಪು ಹಿನ್ನೆಲೆಯ ಮೇಲೆ ಬಿಳಿಯ ಗೆರೆಗಳಲ್ಲಿ ದೇವಸ್ಥಾನ ನಿಂತಿತ್ತು.

"ಬಣ್ಣ ಉಲ್ಟಾ ಆಯ್ತು ಅಷ್ಟೇ ಸಾರ್. ಇನ್ನೊಂದ್ಸಲ ಒತ್ತಿದ್ರೆ ಸರಿಹೋಗತ್ತೆ."

"ಇರಲಿ ಇರಮ್ಮ" ಅಂದೆ. ಅದು ನನ್ನ ಬೋರ್ಡು. ಕರೀ ಹಲಗೆ, ಬಿಳೀ ಸೀಮೆಸುಣ್ಣ. ಕಣ್ಣು ಮಂಜಾಯಿತು. ಅವಳಿಗೆ ಕಾಣದಿರಲೆಂದು ಕನ್ನಡಕ ಒರೆಸಿಕೊಂಡೆ.

ಶಾಲೆಯಲ್ಲಿ ಪ್ರಿಂಟರ್ ಇರಲಿಲ್ಲ. ಶನಿವಾರ ಮಧ್ಯಾಹ್ನ ಚಿತ್ರ ತುಂಬಿಸಿಕೊಂಡ ಫ್ಲಾಪಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡು ಹಾಸನದ ಬಸ್ಸು ಹತ್ತಿದೆ. ಬಸ್ ಸ್ಟ್ಯಾಂಡಿನ ಹತ್ತಿರದ ಕಂಪ್ಯೂಟರ್ ಪ್ರಿಂಟ್ ಅಂಗಡಿಯವನು ಚಿತ್ರ ತೆರೆದು ತಲೆ ಕೆರೆದುಕೊಂಡ.

"ಎಲ್ಲಾ ಕಪ್ಪು ಐತಲ್ಲ ಸಾ, ಇಂಕೆಲ್ಲ ಕುಡಿದ್ಬುಡ್ತದೆ. ಏನ್ ಮಾಡ್ಲಿ?"

"ಸ್ವಲ್ಪ ಜರುಗಪ್ಪ" ಎಂದು ಕಟ್ಟೆಯ ಮೇಲಿಂದ ಬಗ್ಗಿ ಎರಡು ಕೀ ಒತ್ತಿದೆ. ಚಿತ್ರ ಬೆಳ್ಳಗಾಯಿತು. ಅವನು ನನ್ನನ್ನೂ ನನ್ನ ಕೈಯನ್ನೂ ನೋಡಿದ.

"ದೊಡ್ಡಗದ್ದವಳ್ಳಿ ಅಲ್ವಾ ಇದು? ನಮ್ಮತ್ತೆ ಮನೆ ಊರು ಕಣ್ ಸಾ! ಯಾರು ಬರ್ದಿದ್ದು?"

"ನಾನೇ."

"ನಂಗೂ ಒಂದು ತಕ್ಕಳ್ಲಾ? ಅಂಗಡೀಲಿ ಆಕ್ಕಂತೀನಿ."

ತಕ್ಕೋ ಅಂದೆ. ನಾನು ಹೊರಡುವ ಮೊದಲೇ ಅವನು ಅದನ್ನು ಗೋಡೆಗೆ ಅಂಟಿಸಿಬಿಟ್ಟಿದ್ದ.

ಇನ್ನೊಂದು ಪ್ರತಿಯನ್ನು ಸೋಮವಾರ ಹೆಡ್ ಮಾಸ್ಟರ ಮೇಜಿನ ಮೇಲಿಟ್ಟೆ. ಅವರು ಅದನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಕಂಪ್ಯೂಟರ್ ಮೇಡಂ ಪಕ್ಕದಲ್ಲಿ ನಿಂತು, "ಪೇಂಟ್ ಪಾಠ ಇವರೇ ತಗೊಳ್ಳಲಿ ಸಾರ್. ನಂಗಿಂತ ಚೆನ್ನಾಗಿ ಬರತ್ತೆ" ಅಂದಳು. ಹೆಡ್ ಮಾಸ್ಟರು ಟೈಮ್ ಟೇಬಲ್ ತೆಗೆದು, ಪಿ.ಟಿ. ಮೇಷ್ಟ್ರ ಹೆಸರಿದ್ದ ಕಡೆಯೆಲ್ಲ ಗೆರೆ ಹೊಡೆದು ನನ್ನ ಹೆಸರು ಬರೆದರು. ಪಿ.ಟಿ. ಮೇಷ್ಟ್ರಿಗೆ ನನಗಿಂತ ಹೆಚ್ಚು ಸಂತೋಷವಾಯಿತು.

ಮೊದಲ ಕ್ಲಾಸು ಎಂಟನೆಯ ಬಿ ಸೆಕ್ಷನ್. ಮೂರು ಕಂಪ್ಯೂಟರಿಗೆ ನಲವತ್ತು ಮಕ್ಕಳು. ಸರದಿ ಕಾಯುವವರು ಸುಮ್ಮನೆ ಕೂರಬಾರದೆಂದು ಎಡಗೈಯಲ್ಲಿ ಸೀಮೆಸುಣ್ಣ ಹಿಡಿದು ಬೋರ್ಡಿನ ಮೇಲೆ ಕೀಬೋರ್ಡ್ ಬರೆಯಲು ಹೊರಟೆ. ಚೌಕಗಳು ಒಂದರ ಮೇಲೊಂದು ವಾಲಿಕೊಂಡವು. ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತಳು.

"ಸಾ, ಗೆರೆ ಎಲ್ಲಾ ಸೊಟ್ಟಗೈತೆ."

"ಐತೆ ಕಣವ್ವ. ಬರೋ ವಾರಕ್ಕೆ ಇನ್ನೊಂದು ಚೂರು ನೆಟ್ಟಗಾಗ್ತದೆ. ಈಗ ಬಂದು ಇದರಲ್ಲಿ ಎಸ್ ಎಲ್ಲಿದೆ ತೋರ್ಸು, ಮೊದಲು ಕಲಿಯೋದು ಅದು."

ಅವಳು ಬಂದು ಬೆರಳಿಟ್ಟು ತೋರಿಸಿದಳು. ಉಳಿದವರೆಲ್ಲ ಪುಸ್ತಕ ತೆರೆದು ಬರೆದುಕೊಳ್ಳತೊಡಗಿದರು.